ನಂಜನಗೂಡಿನ ಇಬ್ಬರು ಬರಹಗಾರ್ತಿಯರ ಕಾದಂಬರಿ: ಎಷ್ಟು ಕಲ್ಪಿಸಬಹುದು, ಎಷ್ಟು ಬಿಡಬೇಕು?

ಕಪಿಲೆದಡ

ಎಲ್ಲರಿಗೂ ನಮಸ್ಕಾರ. ಒಂದು ಐತಿಹಾಸಿಕ ಕಾದಂಬರಿಯ ಮೊದಲ ಕರಡು ಮುಗಿಸಿದ್ದೇನೆ. ಈಗ ತಿದ್ದುವ ಕೆಲಸ. ಹಳೇ ಪುಸ್ತಕ ಹುಡುಕುವವರು, ಕರಡು ನೋಡುವವರು, ಕಥೆ ಬರೆಯುವವರು ಎಲ್ಲರೂ ಇಲ್ಲಿ ಇದ್ದೀರಿ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಂಜನಗೂಡಿನಲ್ಲಿ ಒಂಬತ್ತು ವರ್ಷಗಳ ಅಂತರದಲ್ಲಿ ಇಬ್ಬರು ಹುಟ್ಟಿದರು. 1878ರಲ್ಲಿ ನಾಗರತ್ನಮ್ಮ, 1887ರಲ್ಲಿ ತಿರುಮಲಾಂಬ. ಒಬ್ಬರದು ದೇವದಾಸಿ ಮನೆತನ. ಇನ್ನೊಬ್ಬರದು ವಕೀಲರ ಮನೆ, ಅಯ್ಯಂಗಾರರು. ನಾಗರತ್ನಮ್ಮ 'ಬೆಂಗಳೂರು ನಾಗರತ್ನಮ್ಮ' ಎಂದೇ ಹಾಡುಗಾರಿಕೆಯಲ್ಲಿ ಹೆಸರು ಮಾಡಿದರು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಇಷ್ಟು ಸಂಗೀತದವರಿಗೆಲ್ಲ ಗೊತ್ತು. ಆದರೆ ಅವರು ಒಂದು ಕಾವ್ಯವನ್ನು ಸಂಪಾದಿಸಿದವರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಅವರ ಕೈಗೆ ಬಂತು. ಆಗ ಸಿಗುತ್ತಿದ್ದ ಅಚ್ಚಿನ ಪ್ರತಿಯಲ್ಲಿ ಪದ್ಯಗಳೇ ಬಿಟ್ಟುಹೋಗಿದ್ದವು. ಹಸ್ತಪ್ರತಿ ದೊರಕಿಸಿಕೊಂಡು, ಹೋಲಿಸಿ ನೋಡಿ, 1910ರಲ್ಲಿ ಕಾವ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಮರುವರ್ಷವೇ ಮದ್ರಾಸ್ ಸರ್ಕಾರ ಅಶ್ಲೀಲ ಎಂದು ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೆರವಾಗಿದ್ದು 1947ರಲ್ಲಿ.

ತಿರುಮಲಾಂಬ ಅವರಿಗೆ ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆ ಓದಿಗೆ ಅಡ್ಡ ಬರಲಿಲ್ಲ, ಬೆನ್ನಿಗೆ ನಿಂತರು. 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರು ಮಾಡಿದರು, 'ಸುಶೀಲೆ' ಕಾದಂಬರಿ ಬಂತು. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ. ಬರೆದವರೂ ಅವರೇ, ಪ್ರಕಾಶಕರೂ ಅವರೇ. 1982ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಅಷ್ಟರಲ್ಲಿ ಕನ್ನಡ ಓದುಗರು ಅವರನ್ನು ಮರೆತು ಎಷ್ಟೋ ಕಾಲವಾಗಿತ್ತು.

ನನ್ನ ಕಾದಂಬರಿಯ ಮೊದಲ ಎರಡು ಭಾಗ ಇವರದು. ಮೂರನೆಯದು ಕಥೆಗಾರ್ತಿ ಕೊಡಗಿನ ಗೌರಮ್ಮನವರದು, 1939ಕ್ಕೆ ಮುಗಿಯುತ್ತದೆ. ಮೊದಲ ಹತ್ತು ಅಧ್ಯಾಯ ತಿರುಮಲಾಂಬ ಅವರ ಬಾಲ್ಯ, ಮದುವೆ, ಪ್ಲೇಗು, ವೈಧವ್ಯ. ಗ್ರಂಥಮಾಲೆ, ಪತ್ರಿಕೆ ಎರಡೂ ಸೇರಿ ಮೂರು ಅಧ್ಯಾಯ. ನಾಗರತ್ನಮ್ಮನವರದು ಆರು. ಒಟ್ಟಿನಲ್ಲಿ ತುಂಬಾ ಉದ್ದ ಆಗಿದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಒಂದು ದೃಶ್ಯ. ದೊಡ್ಡ ಜಾತ್ರೆಯ ದಿನ, ಐದು ತೇರು ಎಳೆದ ಮೇಲೆ, ಕಪಿಲೆಯ ಮೆಟ್ಟಿಲ ಮೇಲೆ ಇಬ್ಬರೂ ಭೇಟಿಯಾಗುತ್ತಾರೆ, ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಓದಿದ ಗೆಳತಿಯರಿಗೆಲ್ಲ ಅದೇ ಇಷ್ಟ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಇಟ್ಟುಕೊಳ್ಳಲಾ, ತೆಗೆಯಲಾ? ಮತ್ತೆ, ನಿಜವಾದ ಹೆಸರುಗಳನ್ನೇ ಬಳಸಲಾ?

ಹೊಸಓದುಗ

ಅಕ್ಕಾ, ತಿರುಮಲಾಂಬ ಅವರ ಹೆಸರು ಇವತ್ತೇ ಕೇಳಿದ್ದು. ಪಠ್ಯದಲ್ಲಿ ಎಲ್ಲೂ ಓದಿದ ನೆನಪಿಲ್ಲ. ದಯವಿಟ್ಟು ನಿಜವಾದ ಹೆಸರನ್ನೇ ಇಡಿ. ಹೆಸರು ಬದಲಾಯಿಸಿದರೆ ನನ್ನಂಥವರಿಗೆ ಮತ್ತೆ ಗೊತ್ತಾಗೋದೇ ಇಲ್ಲ ಅಲ್ವಾ? 'ಕನ್ನಡದ ಮೊದಲ ಕಾದಂಬರಿಗಾರ್ತಿಯ ಕಥೆ' ಅಂತ ರಕ್ಷಾಪುಟದ ಮೇಲೇ ಹಾಕಿ.

ಧಾರವಾಡದಾಕಿ

ಸ್ವಲ್ಪ ತಡೀರಿ ತಮ್ಮಾ. 'ಮೊದಲ' ಅನ್ನೋದನ್ನು ಹಾಗೆ ಬರೆಯೋಕೆ ಬರೋದಿಲ್ಲ. ಶಾಂತಾಬಾಯಿ ನೀಲಗಾರ ಅವರ 'ಸದ್ಗುಣಿ ಕೃಷ್ಣಾಬಾಯಿ' ಬಂದದ್ದು 1908ರಲ್ಲಿ. 'ಸುಶೀಲೆ'ಗಿಂತ ಐದು ವರ್ಷ ಮೊದಲು. ನಮ್ಮ ಕಡೆಯವರು ಅಂತ ಹೇಳುತ್ತಿಲ್ಲ. ಮರೆತವರ ಬಗ್ಗೆ ಬರೆಯುವ ಪುಸ್ತಕವೇ ಇನ್ನೊಬ್ಬ ಮರೆತವಳನ್ನು ಬದಿಗೆ ಸರಿಸಿದರೆ ನನಗೆ ಸಂಕಟವಾಗುತ್ತದೆ.

ಒಬ್ಬರನ್ನು ನೆನೆಯೋಕೆ ಅವರು ಮೊದಲಿಗರಾಗಿಯೇ ಇರಬೇಕು ಅಂತ ಯಾಕೆ? ಮೂರನೆಯವರಾಗಿದ್ದರೂ ಚೆನ್ನಾಗಿ ಬರೆದಿದ್ದರೆ ಓದಬೇಕು. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿ ದಶಕಗಟ್ಟಲೆ ನಡೆಸಿದರು. ಅವರು ಯಾವುದರಲ್ಲೂ ಮೊದಲಿಗರಲ್ಲ ಅಂತಲೇ ಇಟ್ಟುಕೊಳ್ಳಿ. ಅಷ್ಟು ವರ್ಷ ತಿಂಗಳು ತಪ್ಪದೆ ಪತ್ರಿಕೆ ತರೋದು ಸಣ್ಣ ಕೆಲಸವೇನ್ರೀ?

ಹಳೆಹೊತ್ತಿಗೆ

ಧಾರವಾಡದ ಅಕ್ಕ ಹೇಳಿದ್ದು ಸರಿ. ಇದರ ಹಿಂದೆ ಇನ್ನೊಂದು ಕಾರಣ ಇದೆ, ಹುಡುಕುವವರಿಗೆ ಅದು ಗೊತ್ತಿರಬೇಕು. ಆಗ ಕನ್ನಡ ನಾಡು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಧಾರವಾಡ ಮುಂಬಯಿ ಪ್ರಾಂತ್ಯ. ಮಂಗಳೂರು, ಉಡುಪಿ ಮದ್ರಾಸ್ ಪ್ರಾಂತ್ಯ. ಕೊಡಗಿಗೆ ಬೇರೆಯೇ ಚೀಫ್ ಕಮಿಷನರ್. ಮೈಸೂರು ಮಹಾರಾಜರದು. ಕಲಬುರಗಿ ನಿಜಾಮರದು. ಹಾಗಾಗಿ ಒಂದೇ ಭಾಷೆಯಲ್ಲಿ ಬರೆದ ಹೆಂಗಸರ ದಾಖಲೆಗಳು ಐದು ದಿಕ್ಕಿಗೆ ಹಂಚಿಹೋಗಿವೆ. ಮೈಸೂರಿನಲ್ಲಿ ಕೂತು ಹುಡುಕಿದವರಿಗೆ ಧಾರವಾಡದ ಪುಸ್ತಕ ಕಾಣಲಿಲ್ಲ, ಅಷ್ಟೇ.

ಬ್ರಿಟಿಷ್ ಆಡಳಿತದ ಭಾಗಗಳಲ್ಲಿ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಇತ್ತು. ಪ್ರತಿ ಪ್ರಾಂತ್ಯವೂ ಮೂರು ತಿಂಗಳಿಗೊಮ್ಮೆ ಅಚ್ಚಾದ ಪುಸ್ತಕಗಳ ಪಟ್ಟಿ ಹೊರಡಿಸುತ್ತಿತ್ತು. ಪುಸ್ತಕದ ಹೆಸರು, ಬರೆದವರು, ಅಚ್ಚುಕೂಟ, ಪುಟ, ಎಷ್ಟು ಪ್ರತಿ, ಬೆಲೆ ಎಷ್ಟು, ಎಲ್ಲ ಅದರಲ್ಲಿ ಬರುತ್ತಿತ್ತು. ಧಾರವಾಡ, ಮಂಗಳೂರು ಕಡೆಯ ಬರಹಗಾರ್ತಿಯರ ಬಗ್ಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಆಸರೆ. ಮೈಸೂರು ಸಂಸ್ಥಾನದ ಪುಸ್ತಕಕ್ಕೆ ಈ ದಾರಿ ನಂಬಿಕೊಳ್ಳಬೇಡಿ. ಅಲ್ಲಿ ಪತ್ರಿಕೆಗಳ ಜಾಹೀರಾತು, ಬಂದ ಪುಸ್ತಕಗಳ ಹೆಸರು ಹಾಕುವ 'ಸಾದರ ಸ್ವೀಕಾರ' ಅಂಕಣ, ಪುಸ್ತಕದ ಹಿಂಬದಿಯ ಪಟ್ಟಿ, ಇವನ್ನೇ ಹಿಡಿದು ಹೋಗಬೇಕು.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಹಾಕಿದ್ದಾರೆ. ತಿರುಮಲಾಂಬ ಅಂತ ಒಂದೇ ಥರ ಹುಡುಕಿ ಕೈಬಿಡಬೇಡಿ. ನಾಲ್ಕಾರು ಥರ ಹಾಕಿ ನೋಡಿ. ಗೌರಮ್ಮನವರ ವಿಷಯದಲ್ಲಿ ಇನ್ನೂ ಕಷ್ಟ. ಅವರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಸಹಿ ಹಾಕುತ್ತಿದ್ದರು. ಗೌರಮ್ಮ ಅಂತ ಹುಡುಕಿದರೆ ಹಳೇ ಪತ್ರಿಕೆಯ ಸೂಚಿಯಲ್ಲಿ ಅವರು ಸಿಗೋದೇ ಇಲ್ಲ.

ಇನ್ನೊಂದು ಎಚ್ಚರ. ಹಳೇ ಪುಸ್ತಕಗಳಲ್ಲಿ ಇಸವಿಯ ಬದಲು ಸಂವತ್ಸರ ಇರುತ್ತದೆ. 1913ರ ಯುಗಾದಿಯಿಂದ ಶುರುವಾಗಿದ್ದು ಪ್ರಮಾದೀಚ. 1939ರ ಯುಗಾದಿಯದು ಪ್ರಮಾಥಿ. ನೋಡಿ, ನಿಮ್ಮ ಕಾದಂಬರಿಯ ಎರಡು ಮುಖ್ಯ ವರ್ಷಗಳೇ ಇವು. ಅಕ್ಷರ ಮಾಸಿದ ಪುಟದಲ್ಲಿ ಒಂದನ್ನು ಇನ್ನೊಂದು ಅಂತ ಓದಿದರೆ 26 ವರ್ಷ ಹೋಗಿಬಿಡುತ್ತದೆ. ಜನವರಿಯಿಂದ ಯುಗಾದಿವರೆಗಿನ ತಿಂಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತದೆ ಅನ್ನೋದೂ ನೆನಪಿರಲಿ.

ಕರಡುಪ್ರತಿ

ಮೇಡಂ, ನಿಮ್ಮ ಅಧ್ಯಾಯಗಳ ಹಂಚಿಕೆ ನೋಡಿ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಹತ್ತು ಅಧ್ಯಾಯ ಕಣ್ಣೀರಿಗೆ, ಮೂರು ಅಧ್ಯಾಯ ಕೆಲಸಕ್ಕೆ. ಇದನ್ನು ತಿರುಗಿಸಿ.

ಬಾಲವಿಧವೆಯ ಸಂಕಟ ಕನ್ನಡ ಓದುಗರಿಗೆ ಹೊಸದಲ್ಲ. ಅದು ಸುಳ್ಳು ಅಂತಲ್ಲ. ಆದರೆ ಮನೆಯಿಂದ ಹೊರಗೆ ಕಾಲಿಡೋದೇ ಕಷ್ಟವಾಗಿದ್ದ ಕಾಲದಲ್ಲಿ ಒಬ್ಬ ಹೆಂಗಸು ಸ್ವಂತ ಗ್ರಂಥಮಾಲೆ ನಡೆಸಿದರು ಅನ್ನೋದು ಯಾರೂ ಬರೆಯದ ಕಥೆ. ಕಾಗದ ಎಲ್ಲಿಂದ ಬರುತ್ತಿತ್ತು? ಹಣ ಹೇಗೆ ಹೊಂದಿಸಬೇಕಿತ್ತು? ಅಚ್ಚುಕೂಟದವರ ಜೊತೆ ಮಾತಾಡುವವರು ಯಾರು? ಚಂದಾ ಕಟ್ಟದವರಿಗೆ ಕಾಗದ ಬರೆಯುವವರು ಯಾರು? 1914ರಲ್ಲಿ ಯುದ್ಧ ಶುರುವಾಯಿತು, ಕಾಗದದ ಬೆಲೆ ಏರಿತು. ಗ್ರಂಥಮಾಲೆಗೆ ಆಗಿನ್ನೂ ಒಂದು ವರ್ಷ. ಅದನ್ನು ಹೇಗೆ ದಾಟಿರಬಹುದು? ಇವೆಲ್ಲ ಕಾದಂಬರಿಕಾರರು ಹೊಕ್ಕು ನೋಡಬೇಕಾದ ಜಾಗಗಳು.

ಆಗ ಪುಸ್ತಕ ಓದುಗರಿಗೆ ತಲುಪುತ್ತಿದ್ದ ಒಂದು ದೊಡ್ಡ ದಾರಿ ವಿ.ಪಿ. ಅಂಚೆ. ಓದುಗರು ಒಂದು ಕಾರ್ಡು ಬರೆದರೆ ಸಾಕು. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು, ಆ ದುಡ್ಡು ಮನಿಯಾರ್ಡರ್ ಆಗಿ ಪ್ರಕಾಶಕರಿಗೆ ಹೋಗುತ್ತಿತ್ತು. ಇದರ ಅರ್ಥ ಏನು ಯೋಚಿಸಿ. ಅಂಗಡಿಗೆ ಹೋಗದ ಹೆಂಗಸು ಪುಸ್ತಕ ಮಾರಬಹುದು. ಅಂಗಡಿಗೆ ಹೋಗದ ಇನ್ನೊಬ್ಬ ಹೆಂಗಸು ಅದನ್ನು ಕೊಳ್ಳಬಹುದು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ರೈಲು ಬಂದಿತ್ತು. ಆ ರೈಲು, ಆ ಅಂಚೆಮನೆ ಇಲ್ಲದಿದ್ದರೆ ಇಂಥ ಗ್ರಂಥಮಾಲೆ ಆ ಊರಿನಿಂದ ನಡೆಯುತ್ತಿತ್ತಾ? ನನ್ನ ಕೇಳಿದರೆ ಅಂಚೆಯವನೇ ಒಂದು ಪಾತ್ರವಾಗಬೇಕು.

ಕಪಿಲೆದಡ

ಸರ್, ಇದನ್ನು ಓದಿ ಪಕ್ಕದಲ್ಲೇ ಕರಡು ತೆಗೆದು ಕೂತಿದ್ದೇನೆ. ವಿ.ಪಿ. ವಿಷಯ ಒಂದೇ ಸಾಲಿನಲ್ಲಿದೆ. ಅದು ಒಂದು ಅಧ್ಯಾಯ ಆಗಬಹುದು ಅಂತ ಈಗ ಕಾಣುತ್ತಿದೆ. ಆದರೆ ವೈಧವ್ಯದ ಭಾಗ ಪೂರ್ತಿ ಕಡಿಮೆ ಮಾಡೋಕೆ ಮನಸ್ಸು ಬರುತ್ತಿಲ್ಲ. ಅವರು ಬರೆದದ್ದಕ್ಕೂ ಅದಕ್ಕೂ ಸಂಬಂಧ ಇದೆ ತಾನೇ?

ಹೆಬ್ಬಾಗಿಲು

ನಾನು ಮೈಸೂರು ಕಡೆಯ ಅಯ್ಯಂಗಾರ್ ಮನೆಯವಳು. ಸಂಬಂಧ ಖಂಡಿತ ಇದೆ. ಆದರೆ ತಲೆ ಬೋಳಿಸುವ ದೃಶ್ಯ, ಕೆಂಪು ಸೀರೆ, ಕತ್ತಲ ಕೋಣೆ, ಇಷ್ಟನ್ನೇ ಎಲ್ಲರೂ ಬರೆಯುತ್ತಾರೆ. ದಿನದ ಬದುಕು ಬರೆಯೋದಿಲ್ಲ. ಒಂದು ಹೊತ್ತಿನ ಊಟ. ಏಕಾದಶಿ ಉಪವಾಸ. ಮಡಿಯಲ್ಲಿದ್ದಾಗ ಯಾರನ್ನೂ ಮುಟ್ಟುವಂತಿಲ್ಲ. ಹಬ್ಬದ ಮನೆಯಲ್ಲಿ ಎಲ್ಲರಿಗೂ ಸಾತ್ತಮುದು, ಪುಳಿಯೋಗರೆ ಮಾಡಿ ಬಡಿಸಬೇಕು, ಶುಭಕಾರ್ಯದ ಮುಂದೆ ಮಾತ್ರ ಕಾಣಿಸಿಕೊಳ್ಳುವ ಹಾಗಿಲ್ಲ. ಇಷ್ಟರ ನಡುವೆ ಬರೆಯೋಕೆ ಯಾವ ಹೊತ್ತು ಸಿಗುತ್ತದೆ? ಮಧ್ಯಾಹ್ನ ಗಂಡಸರ ಊಟ ಆಗಿ, ಪಾತ್ರೆ ಒಳಗೆ ಹೋದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು. ಆ ಒಂದೆರಡು ಗಂಟೆಯನ್ನು ಬರೆಯಿರಿ. ಓದುಗರಿಗೆ ಅವರ ಸ್ಥಿತಿ ತಾನಾಗಿ ಅರ್ಥವಾಗುತ್ತದೆ.

ಅಂದ ಹಾಗೆ ರಾತ್ರಿ ಬರೆಯುವ ದೃಶ್ಯವಿದ್ದರೆ ಎಣ್ಣೆ ದೀಪ ಅಥವಾ ಸೀಮೆಎಣ್ಣೆ ಲಾಂದ್ರ ಇಡಿ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ ಆಮೇಲೆ. 1913ರ ನಂಜನಗೂಡಿನ ಮನೆಯಲ್ಲಿ ಗುಂಡಿ ಒತ್ತಿ ದೀಪ ಹಾಕಿಸಬೇಡಿ.

ಮಾತುಕತೆ ಬಗ್ಗೆಯೂ ಒಂದು ಸೂಚನೆ. ನಮ್ಮ ಮನೆಗಳಲ್ಲಿ ಒಳಗೆ ತಮಿಳು, ಹೊರಗೆ ಕನ್ನಡ. ತಿರುಮಲಾಂಬ ಅವರು ತಮಿಳು, ತೆಲುಗು ಎರಡೂ ಬಲ್ಲವರು. ಅಮ್ಮ ಮಗಳ ಮಾತಿನಲ್ಲಿ ಅಲ್ಲಲ್ಲಿ ಅದರ ಸುಳಿವು ಸಾಕು. ಸಾಲುಸಾಲಾಗಿ ತಮಿಳು ತುಂಬಿದರೆ ಓದುಗರು ಪುಟ ಹಾರಿಸುತ್ತಾರೆ.

ಮಡಿಕೇರಿಮಂಜು

ಗೌರಮ್ಮನವರ ಭಾಗದ ಬಗ್ಗೆ ಬರೆಯುತ್ತೇನೆ, ಯಾಕಂದರೆ ನಮ್ಮೂರಿನವರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. 1939ರ ಏಪ್ರಿಲ್ 13ರಂದು ಹಾರಂಗಿ ಹೊಳೆಯಲ್ಲಿ ಈಜುವಾಗ ತೀರಿಹೋದರು. 27 ವರ್ಷ. 'ಕಂಬನಿ', 'ಚಿಗುರು' ಎರಡು ಸಂಕಲನ. ಬೇಂದ್ರೆಯವರು ಅವರನ್ನು ತಂಗಿ ಎಂದು ಕರೆದು ಕವಿತೆ ಬರೆದರು. ಗಾಂಧೀಜಿ 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟರು.

ಅಕ್ಕಾ, ನನ್ನ ಒಂದೇ ಕೋರಿಕೆ. ಅವರ ಭಾಗವನ್ನು ಹೊಳೆಯ ಕಡೆಗೆ ಓಡಿಸಬೇಡಿ. ಅವರ ಬಗ್ಗೆ ಯಾರೇ ಬರೆದರೂ ಮೊದಲ ಸಾಲಿನಿಂದಲೇ ನೀರಿನ ಸುಳಿವು ಕೊಡುತ್ತಾ ಹೋಗುತ್ತಾರೆ. ಅವರು ಈಜುತ್ತಿದ್ದರು, ಟೆನಿಸ್ ಆಡುತ್ತಿದ್ದರು. ಈಜು ಅವರಿಗೆ ಖುಷಿಯ ವಿಷಯ. ಅವರಿಗೆ ಸಾವು ಗೊತ್ತಿರಲಿಲ್ಲ. ಕಾದಂಬರಿಗೂ ಅದು ಗೊತ್ತಿರಬಾರದು. ಅವರ ಕಥೆಗಳಲ್ಲಿ ವಿಧವೆಯರ ಬಗ್ಗೆ, ಮದುವೆಯೊಳಗಿನ ಒಂಟಿತನದ ಬಗ್ಗೆ ಎಷ್ಟು ಧೈರ್ಯವಾಗಿ ಬರೆದಿದ್ದಾರೆ. ತಿರುಮಲಾಂಬ ಅವರ ತಲೆಮಾರಿಗೂ ಇವರಿಗೂ ಇಪ್ಪತ್ತೈದು ವರ್ಷದ ಅಂತರ. ಆ ಅಂತರದಲ್ಲಿ ಹೆಣ್ಣಿನ ಕಥೆ ಎಷ್ಟು ದೂರ ಬಂತು ಅನ್ನೋದು ಈ ಎರಡು ಭಾಗ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ನಿಮ್ಮ ಮೂರನೇ ಭಾಗ ಇರಬೇಕಾದ್ದೇ ಅದಕ್ಕೆ.

ಜಾಗದ ವಿಷಯ: ಈಗಿನ ಹಾರಂಗಿ ಜಲಾಶಯ ನೋಡಿ ಹೊಳೆಯನ್ನು ಬರೆಯಬೇಡಿ, ಆಗ ಅಣೆಕಟ್ಟು ಇರಲಿಲ್ಲ. ಕೊಡಗಿಗೆ ರೈಲೂ ಇಲ್ಲ, ಇವತ್ತಿಗೂ ಇಲ್ಲ. ಪತ್ರಿಕೆ, ಪುಸ್ತಕ, ಬೇಂದ್ರೆಯವರ ಕಾಗದ ಎಲ್ಲವೂ ರಸ್ತೆಯಲ್ಲೇ ಬರಬೇಕು. ಮಳೆಗಾಲದಲ್ಲಿ ಟಪಾಲು ತಡವಾದರೆ ಒಬ್ಬ ಬರಹಗಾರ್ತಿಗೆ ಏನನ್ನಿಸುತ್ತದೆ, ಅದು ಬರೆಯಬಹುದು.

ಹೊಸಓದುಗ

ಜಾತ್ರೆಯ ದೃಶ್ಯದ ಬಗ್ಗೆ ಯಾರೂ ಹೇಳಲಿಲ್ಲ. ಕಾದಂಬರಿ ಅಂದ ಮೇಲೆ ಭೇಟಿ ಮಾಡಿಸಿದರೆ ಏನು ತಪ್ಪು?

ಧಾರವಾಡದಾಕಿ

ನಾನು ಇರಲಿ ಅನ್ನುವವಳು. ಇಬ್ಬರು ಬರಹಗಾರ್ತಿಯರು ಒಂದೇ ಊರಿನವರು. ಜಾತಿ, ಮಡಿ, ಮರ್ಯಾದೆ ಅಂತ ಸಮಾಜ ಅವರನ್ನು ಬೇರೆ ಇಟ್ಟಿತು. ಕಾದಂಬರಿಯಲ್ಲಾದರೂ ಅವರು ಎದುರುಬದುರು ಕೂರಲಿ. ದಾಖಲೆ ಬರೆದವರು ಗಂಡಸರು, ಇಟ್ಟುಕೊಂಡವರು ಗಂಡಸರು. ದಾಖಲೆಯಲ್ಲಿ ಇಲ್ಲ ಅಂತ ಬಿಟ್ಟುಬಿಟ್ಟರೆ ಅವರ ಲೆಕ್ಕವನ್ನೇ ನಾವೂ ಒಪ್ಪಿಕೊಂಡ ಹಾಗೆ. ಕಲ್ಪನೆ ಮಾಡೋದಕ್ಕೇ ತಾನೇ ಕಾದಂಬರಿ ಇರೋದು?

ಕರಡುಪ್ರತಿ

ಅಕ್ಕಾ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ದಾಖಲೆ ಮೌನವಾಗಿರುವ ಕಡೆ ಕಲ್ಪಿಸಬಹುದು. ಕಲ್ಪಿಸಲೇಬೇಕು. ಆದರೆ ದಾಖಲೆ ಬೇರೆ ಹೇಳುತ್ತಿರುವ ಕಡೆ? ನಾಗರತ್ನಮ್ಮ ಚಿಕ್ಕವರಿದ್ದಾಗಲೇ ನಂಜನಗೂಡು ಬಿಟ್ಟರು. ಮೈಸೂರಿನಲ್ಲಿ ಸಂಸ್ಕೃತ, ಬೆಂಗಳೂರಿನಲ್ಲಿ ಸಂಗೀತ, ಆಮೇಲೆ ಮದ್ರಾಸು. ತಿರುಮಲಾಂಬ ಪುಸ್ತಕದ ಬಗ್ಗೆ ಮಾತಾಡುವ ವಯಸ್ಸಿಗೆ ಬರುವಷ್ಟರಲ್ಲಿ ಅವರು ಆ ಊರಿನಲ್ಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಅಕ್ಕತಂಗಿಯರ ಹಾಗೆ ಮಾತಾಡಿದರೆ, ಅವರ ನಡುವೆ ಇದ್ದ ಗೋಡೆಯನ್ನು ನಾವೇ ಅಳಿಸಿದ ಹಾಗೆ. ಆ ಗೋಡೆ ನಿಜ. ತಿರುಮಲಾಂಬ ಬರೆದದ್ದು ಕುಲಸ್ತ್ರೀಯರಿಗೆ, ಗ್ರಂಥಮಾಲೆಯ ಹೆಸರಿನಲ್ಲೇ 'ಸತೀ' ಇದೆ. ನಾಗರತ್ನಮ್ಮ ಅಚ್ಚು ಹಾಕಿಸಿದ ಕಾವ್ಯ ಶೃಂಗಾರದ್ದು, ಅದಕ್ಕಾಗಿ ಅವರು ಬೈಸಿಕೊಂಡರು. ಭೇಟಿಯಾಗಿದ್ದರೆ ತಿರುಮಲಾಂಬ ಮಾತಾಡಿಸುತ್ತಿದ್ದರಾ? ಈ ಕಷ್ಟದ ಪ್ರಶ್ನೆ ಕಾದಂಬರಿಯಲ್ಲಿ ಇರಬೇಕು. ಅವರನ್ನು ಸ್ನೇಹಿತೆಯರನ್ನಾಗಿ ಮಾಡಿಬಿಟ್ಟರೆ ಆ ಪ್ರಶ್ನೆಯೇ ಹೋಗಿಬಿಡುತ್ತದೆ.

ಹಳೆಹೊತ್ತಿಗೆ

ಇದಕ್ಕೆ ಒಂದು ದಾರಿ ದಾಖಲೆಯಲ್ಲೇ ಇದೆ ಅನ್ನಿಸುತ್ತದೆ. ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿ ನಿಲ್ಲಿಸಿತು. ಇಡೀ ದೇಶದಲ್ಲೇ ಇಂಥ ಆದೇಶ ಮೊದಲು ಹೊರಟ ಕಡೆಗಳಲ್ಲಿ ಮೈಸೂರು ಒಂದು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ತಮ್ಮ ಹಕ್ಕು ಉಳಿಸಿಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಮುಜರಾಯಿ ಇಲಾಖೆಯ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ.

ಲೆಕ್ಕ ಹಾಕಿ ನೋಡಿ. 1909ರಲ್ಲಿ ತಿರುಮಲಾಂಬ ಅವರಿಗೆ 22 ವರ್ಷ. ಅದೇ ಊರು. ತಂದೆ ವಕೀಲರು. ಊರಿನ ಹೆಂಗಸರು ಸರ್ಕಾರಕ್ಕೆ ಅರ್ಜಿ ಬರೆಸಿದ್ದಾರೆ ಅನ್ನುವ ಸುದ್ದಿ ವಕೀಲರ ಮನೆಗೆ ಬರದೆ ಇರುತ್ತದೆಯೇ? ಹಜಾರದಲ್ಲಿ ಗಂಡಸರು ಮಾತಾಡಿಕೊಳ್ಳುತ್ತಾರೆ. ಒಳಗೆ ಒಬ್ಬ ವಿಧವೆ ಮಗಳು ಓದುತ್ತಾ ಕೂತಿದ್ದಾಳೆ. ಕೇಳಿಸಿಕೊಳ್ಳುತ್ತಾಳೆ. ಮುಂದಿನ ವರ್ಷ, ಅದೇ ಊರಿನಲ್ಲಿ ಹುಟ್ಟಿದ ಇನ್ನೊಬ್ಬಾಕೆ ಮದ್ರಾಸಿನಲ್ಲಿ ಪುಸ್ತಕ ಅಚ್ಚು ಹಾಕಿಸುತ್ತಾಳೆ. ಭೇಟಿ ಬೇಕಾಗಿಲ್ಲ.

ಕಪಿಲೆದಡ

ಹಳೆಹೊತ್ತಿಗೆ ಸರ್, ಕೈ ಮುಗಿಯುತ್ತೇನೆ. ಹಜಾರದ ದೃಶ್ಯ ಬರೆಯುತ್ತೇನೆ. ಜಾತ್ರೆಯ ಭೇಟಿ ತೆಗೆಯುತ್ತೇನೆ. ಜಾತ್ರೆ ಮಾತ್ರ ಇರುತ್ತದೆ, ತೇರಿನ ಬೀದಿಯನ್ನು ಬಿಡೋಕಾಗಲ್ಲ. ಆ ದೇವದಾಸಿಯರಲ್ಲಿ ಒಬ್ಬಾಕೆಯನ್ನು ಪಾತ್ರ ಮಾಡಬೇಕು ಅಂತಲೂ ಅನ್ನಿಸುತ್ತಿದೆ. ಅರ್ಜಿ ಹಾಕಿದವರು ನಮಗೆ ಬರೀ ಕಡತದಲ್ಲಿ ಉಳಿದಿದ್ದಾರೆ. ಅವರಿಗೂ ಓದು ಬರುತ್ತಿತ್ತು, ಹಾಡು ಬರುತ್ತಿತ್ತು. ಆ ಪಾತ್ರ ಕಾಲ್ಪನಿಕ ಅಂತ ಕೊನೆಯ ಟಿಪ್ಪಣಿಯಲ್ಲಿ ಹೇಳುತ್ತೇನೆ.

ಧಾರವಾಡದಾಕಿ

ಇದು ನನ್ನ ಮನಸ್ಸಿಗೂ ಒಪ್ಪಿತು. ಆದರೂ ಒಂದು ಮಾತು. ಹಜಾರದ ದೃಶ್ಯದಲ್ಲಿ ತಿರುಮಲಾಂಬ ಅವರನ್ನು ಇವತ್ತಿನ ನಮ್ಮ ಹಾಗೆ ಯೋಚಿಸುವವರನ್ನಾಗಿ ಮಾಡಬೇಡಿ. ಅವರು ದೇವದಾಸಿಯರ ಪರ ಸಿಡಿದೇಳಬೇಕಾಗಿಲ್ಲ. ಅವರ ಬರಹದಲ್ಲಿ ಪಾತಿವ್ರತ್ಯ ಇದೆ, ಹಳೇ ಧರ್ಮ ಇದೆ. ಅದಕ್ಕೇ ಎಷ್ಟೋ ಜನ ಅವರನ್ನು ಓದದೆ ಪಕ್ಕಕ್ಕಿಟ್ಟರು. ನಾವು ಅವರನ್ನು ಪ್ರೀತಿಸೋದಕ್ಕೆ ಅವರು ನಮ್ಮ ಹಾಗೆ ಇರಬೇಕಾಗಿಲ್ಲ ರೀ.

ಮಡಿಕೇರಿಮಂಜು

ಒಬ್ಬ ದೊಡ್ಡ ಲೇಖಕರ ವಿಮರ್ಶೆಯಿಂದ ನೊಂದು ತಿರುಮಲಾಂಬ ಬರೆಯೋದನ್ನೇ ನಿಲ್ಲಿಸಿದರು ಅಂತ ಕೇಳಿದ್ದೇನೆ. ಅದು ಕಾದಂಬರಿಯಲ್ಲಿ ಬರುತ್ತದೆಯೇ?

ಕರಡುಪ್ರತಿ

ಬರಲಿ, ಆದರೆ ಒಬ್ಬರ ಒಂದು ಮಾತಿನ ಮೇಲೆ ಎಲ್ಲ ಭಾರ ಹೊರಿಸಬೇಡಿ ಮೇಡಂ. ಸುಮ್ನೆ ಖಳನಾಯಕ ಒಬ್ಬ ಸಿಕ್ಕ ಹಾಗಾಗುತ್ತದೆ. 1920ರ ದಶಕಕ್ಕೆ ಕನ್ನಡದಲ್ಲಿ ರುಚಿಯೇ ಬದಲಾಗುತ್ತಿತ್ತು. 1915ಕ್ಕೆ ಸಾಹಿತ್ಯ ಪರಿಷತ್ತು, 1916ಕ್ಕೆ ಮೈಸೂರು ವಿಶ್ವವಿದ್ಯಾನಿಲಯ ಬಂತು. ಇಂಗ್ಲಿಷ್ ಓದಿದ ಹೊಸ ತಲೆಮಾರು ಬಂತು. ಒಳ್ಳೆಯ ಸಾಹಿತ್ಯ ಯಾವುದು ಅಂತ ಹೇಳುವ ಅಧಿಕಾರ ಕಾಲೇಜಿನ ಮೇಷ್ಟರ ಕೈಗೆ ಹೋಯಿತು. ಮನೆಯಲ್ಲೇ ಕಲಿತ, ನೀತಿ ಹೇಳುವ ಕಾದಂಬರಿ ಬರೆಯುವ ಹೆಂಗಸಿಗೆ ಅಲ್ಲಿ ಜಾಗ ಎಲ್ಲಿತ್ತು? ಅದನ್ನು ತೋರಿಸಿ. ಒಂದು ವಿಮರ್ಶೆ ಆ ದೊಡ್ಡ ಬದಲಾವಣೆಯ ಒಂದು ತುಣುಕು.

ಹಸ್ತಪ್ರತಿ ಉದ್ದದ ಬಗ್ಗೆ ಕೇಳಿದ್ದಿರಿ. ಪ್ಲೇಗಿನ ಭಾಗದಲ್ಲಿ ಸಂಸ್ಥಾನಕ್ಕೆ ಪ್ಲೇಗು 1898ರಲ್ಲಿ ಹೇಗೆ ಬಂತು, ಎಲ್ಲಿಂದ ಬಂತು ಅಂತೆಲ್ಲ ಇದ್ದರೆ ತೆಗೆಯಿರಿ. ಇಲಿ ಬಿತ್ತು ಅಂತ ಪಕ್ಕದ ಮನೆಯವರು ಕೂಗಿದರು, ಸಂಜೆಯೊಳಗೆ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಶೆಡ್ಡಿಗೆ ಹೋದರು. ಅಷ್ಟೇ ಸಾಕು. ಕಷ್ಟಪಟ್ಟು ಹುಡುಕಿದ ಮಾಹಿತಿಯನ್ನು ಬಿಡೋಕೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ನಾನು ಕರಡು ನೋಡುವಾಗ ಪ್ರತಿ ಮಾಹಿತಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಆ ಹೊತ್ತಿನಲ್ಲಿ ಆ ಪಾತ್ರಕ್ಕೆ ಇದು ಗೊತ್ತಿತ್ತಾ? ಗೊತ್ತಿರದಿದ್ದರೆ ಅದು ಲೇಖಕರ ನೋಟ್‌ಬುಕ್ಕಿನಲ್ಲೇ ಇರಲಿ.

ಹಳೆಹೊತ್ತಿಗೆ

ನಿಜವಾದ ಹೆಸರು ಬಳಸುವ ಬಗ್ಗೆ: ನಾಗರತ್ನಮ್ಮ, ತಿರುಮಲಾಂಬ, ಗೌರಮ್ಮ ಮೂವರದೂ ನಿಜ ಹೆಸರೇ ಇರಲಿ. ಮನೆಯ ಉಳಿದವರು, ವಿಶೇಷವಾಗಿ ಮಕ್ಕಳು, ಸಂಬಂಧಿಕರ ವಿಷಯದಲ್ಲಿ ಎಚ್ಚರವಾಗಿರಿ. ಬರೆಯುವ ಮೊದಲು ಕುಟುಂಬದವರನ್ನು ಮಾತಾಡಿಸಿದರೆ ಒಳ್ಳೆಯದು.

ಅವರ ಬರಹ ಉಲ್ಲೇಖಿಸುವುದಾದರೆ ಕಾಪಿರೈಟ್ ಲೆಕ್ಕ ಬೇರೆ ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಗೌರಮ್ಮನವರ ಕಥೆಗಳ ಹಕ್ಕು ಯಾವತ್ತೋ ಮುಗಿದಿದೆ, ಧಾರಾಳವಾಗಿ ಬಳಸಿ. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. 'ಸುಶೀಲೆ' 1913ರ ಪುಸ್ತಕವಾದರೂ ಹಕ್ಕು 2042ರ ಕೊನೆವರೆಗೆ ಇರುತ್ತದೆ. ಪುಟಗಟ್ಟಲೆ ಸೇರಿಸುವುದಿದ್ದರೆ ವಾರಸುದಾರರ ಒಪ್ಪಿಗೆ ತೆಗೆದುಕೊಳ್ಳಿ. ಸಿ.ಎನ್. ಮಂಗಳಾ ಅವರು ತಿರುಮಲಾಂಬ ಅವರ ಬಗ್ಗೆ ಮಾಡಿದ ಕೆಲಸ ಓದಿರುತ್ತೀರಿ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ 'ಶಾಶ್ವತಿ' ಮಹಿಳಾ ಅಧ್ಯಯನ ಕೇಂದ್ರವನ್ನೂ ಒಮ್ಮೆ ವಿಚಾರಿಸಿ, ತಿರುಮಲಾಂಬ ಅವರ ಹೆಸರಿನ ಪ್ರಶಸ್ತಿ ಕೊಡುವುದು ಅವರೇ.

ಕಪಿಲೆದಡ

ಎಲ್ಲರಿಗೂ ಧನ್ಯವಾದ. ಇಷ್ಟು ಪ್ರೀತಿಯಿಂದ, ಇಷ್ಟು ವಿವರವಾಗಿ ಹೇಳಿದ್ದೀರಿ. ಅಚ್ಚುಕೂಟದ ಅಧ್ಯಾಯಗಳನ್ನು ಮೊದಲು ಬೆಳೆಸುತ್ತೇನೆ. ಅದಕ್ಕೊಂದು ಪ್ರಶ್ನೆ. ಕರಡಚ್ಚು ನಂಜನಗೂಡಿಗೆ ಬರುವ ದೃಶ್ಯ ಬರೆಯುತ್ತಿದ್ದೇನೆ. ಇಡೀ ಪುಸ್ತಕದ ಕಟ್ಟು ಒಟ್ಟಿಗೆ ಬಂದು, ತಿರುಮಲಾಂಬ ಮೊದಲಿಂದ ಕೊನೆವರೆಗೆ ಓದಿ ಖುಷಿಪಡುವ ಹಾಗೆ ಮಾಡಲಾ?

ಕರಡುಪ್ರತಿ

ಒಟ್ಟಿಗೆ ಬರೋದಿಲ್ಲ ಮೇಡಂ. ಅಚ್ಚಿನ ಮೊಳೆ (ಒಂದೊಂದೇ ಅಕ್ಷರದ ಅಚ್ಚು) ಜೋಡಿಸುವ ಕಾಲದ ಕೊನೆಯ ವರ್ಷಗಳಲ್ಲಿ ನಾನು ಅಚ್ಚುಕೂಟದಲ್ಲಿ ಕರಡು ನೋಡಿದ್ದೇನೆ, ಅದರ ಮೇಲೆ ಹೇಳುತ್ತೇನೆ. ಸಣ್ಣ ಅಚ್ಚುಕೂಟದಲ್ಲಿ ಇಡೀ ಪುಸ್ತಕ ಜೋಡಿಸುವಷ್ಟು ಮೊಳೆ ಇರುತ್ತಿರಲಿಲ್ಲ. ಕನ್ನಡಕ್ಕೆ ಒತ್ತಕ್ಷರ, ಗುಣಿತ ಎಲ್ಲ ಸೇರಿ ಮೊಳೆ ಇಡುವ ಕೇಸಿನ ಮನೆಗಳೇ ನೂರಾರು. ಒಂದು ಫಾರಂ, ಅಂದರೆ ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳನ್ನು ಜೋಡಿಸಿ, ಕರಡು ತೆಗೆದು, ತಿದ್ದಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಕೇಸಿಗೆ ಹಾಕಿದ ಮೇಲೆಯೇ ಮುಂದಿನ ಫಾರಂ. ಹಾಗಾಗಿ ಎಂಟೋ ಹದಿನಾರೋ ಪುಟ ಬರುತ್ತದೆ, ಬೇಗ ತಿದ್ದಿ ವಾಪಸ್ಸು ಕಳಿಸಬೇಕು. ತಡವಾದರೆ ಮೊಳೆ ಕಟ್ಟಿಹಾಕಿದ ಹಾಗೆ, ಅಚ್ಚುಕೂಟದವರು ಗೊಣಗುತ್ತಾರೆ. ಒಂದು ಸಲ ಅಚ್ಚಾದ ಫಾರಂನಲ್ಲಿ ಏನೂ ಬದಲಾಯಿಸೋಕಾಗಲ್ಲ. ಹದಿನೈದನೇ ಅಧ್ಯಾಯ ಓದುವಾಗ ಮೂರನೇ ಅಧ್ಯಾಯದಲ್ಲಿ ಒಂದು ಮಾತು ಸೇರಿಸಬೇಕಿತ್ತು ಅನ್ನಿಸಿದರೆ, ಮುಂದಿನ ಮುದ್ರಣವೇ ಗತಿ. ಮುಂದಿನ ಮುದ್ರಣ ಅಂದರೆ ಪೂರ್ತಿ ಮತ್ತೆ ಜೋಡಿಸಬೇಕು. ಅದಕ್ಕೇ ಹಳೇ ಪುಸ್ತಕಗಳ ಒಂದೊಂದು ಮುದ್ರಣ ಒಂದೊಂದು ಥರ ಇರುತ್ತದೆ. 'ಸುಶೀಲೆ'ಯ ಬೇರೆ ಬೇರೆ ಮುದ್ರಣ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ತಿದ್ದಿದ್ದಾರೆ ಅಂತ ಗೊತ್ತಾಗುತ್ತದೆ.

ನಿಮ್ಮ ದೃಶ್ಯದಲ್ಲಿ ಅವರು ಮಧ್ಯಾಹ್ನದ ಆ ಒಂದೆರಡು ಗಂಟೆಯಲ್ಲಿ ಒಂದೇ ಫಾರಂ ಹಿಡಿದು ಕೂರಲಿ, ಸಂಜೆಯ ಅಂಚೆಗೆ ಮೊದಲು ಮುಗಿಸಬೇಕು ಅನ್ನುವ ಆತುರ ಇರಲಿ. ಬರೆದಾದ ಮೇಲೆ ಆ ಅಧ್ಯಾಯ ನನಗೆ ಕಳಿಸಿ, ನೋಡಿ ಹೇಳುತ್ತೇನೆ.